ಸ್ಕ್ರೂ ಮೇಲಲ್ಲ, ತಗಡಿನ ಮೇಲೆ

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಅರ್ಥಿಂಗ್ ಅಕ್ಕ ಎಂದೇ. ಐವತ್ತು ದಾಟಿದ ಒಂಟಿ ಹೆಂಗಸು, ಮಹಾ ಸಿಡುಕಿ. ತಯಾರಾದ ಗೀಸರ್ ಪೆಟ್ಟಿಗೆ ಸೇರುವ ಮುಂಚೆ ಕೊನೆಗೆ ಬರುವುದು ಅವಳ ಮೇಜಿಗೆ. ಪ್ಲಗ್ಗಿನ ದಪ್ಪ ಪಿನ್ನಿಗೆ ಕ್ಲಿಪ್ ಸಿಕ್ಕಿಸಿ, ಹೊರಮೈ ತಗಡಿನಲ್ಲಿ ಬಣ್ಣವಿಲ್ಲದ ಒಂದು ಮೂಲೆಗೆ ಚೂಪು ಕಡ್ಡಿ ಒತ್ತಿದರೆ ಮೀಟರು ಹಸಿರೋ ಕೆಂಪೋ ತೋರಿಸುತ್ತದೆ. ಹಸಿರಾದರೆ, ಒಳಗೆಲ್ಲೋ ಕರೆಂಟು ಸೋರಿದರೂ ಅರ್ಥ್ ತಂತಿ ಹಿಡಿದು ನೆಲಕ್ಕೆ ಇಳಿದುಹೋಗುತ್ತದೆ. ಕೆಂಪಾದರೆ ಮುಟ್ಟಿದವರ ಗತಿ ದೇವರೇ ಬಲ್ಲ. ಒಂದೊಂದನ್ನೂ ಹೀಗೆ ನೋಡದಿದ್ದರೆ ಕಾರ್ಖಾನೆಗೆ ಸುರಕ್ಷತೆಯ ಸರ್ಟಿಫಿಕೇಟೇ ಇಲ್ಲ.

ಮೀಟರಿನ ಕಣ್ಣಿಗೆ ಮಣ್ಣೆರಚುವ ದಾರಿಯೂ ಉಂಟು. ಕಡ್ಡಿಯನ್ನು ತಗಡಿಗೆ ಇಡುವ ಬದಲು ಅರ್ಥ್ ತಂತಿ ಬಿಗಿದ ಸ್ಕ್ರೂ ತಲೆಗೇ ಇಟ್ಟರಾಯಿತು, ಹಸಿರೋ ಹಸಿರು. ಅಲ್ಲ, ಆ ತಂತಿಗೂ ತಗಡಿಗೂ ಸಂಬಂಧ ಇದೆಯೋ ಇಲ್ಲವೋ, ಮೀಟರಿಗೇನು ಗೊತ್ತು? ಅಕ್ಕ ಒಂದು ದಿನವೂ ಹಾಗೆ ಮಾಡಿದವಳಲ್ಲ.

ಇಂಥವಳ ಜೊತೆ ಊಟಕ್ಕೆ ಕೂರುತ್ತಿದ್ದವಳು ಒಬ್ಬಳೇ, ಪೇಂಟಿಂಗ್ ವಿಭಾಗದ ಗೆಳತಿ. ಗಂಡ ತೀರಿಕೊಂಡು ಅವಳೂ ಒಂಟಿಯೇ, ಆದರೆ ಬಾಯಿಗೆ ಬಿಡುವಿಲ್ಲ. ನಿನ್ನ ಮುಖ ತೋರಿಸಿದರೆ ಸಾಕು, ಗೀಸರ್ ಇಲ್ಲದೆ ನೀರು ಕುದಿಯುತ್ತದೆ ಎಂದು ರೇಗಿಸುವಳು. ಅಕ್ಕ ನಗುತ್ತಿದ್ದದ್ದು ದಿನಕ್ಕೆ ಆ ಒಂದು ಹೊತ್ತು ಮಾತ್ರ.

ಅರ್ಥ್ ಸ್ಕ್ರೂ ಕೂರುವ ಜಾಗಕ್ಕೆ ಬಣ್ಣ ತಾಗಬಾರದು, ತಾಗಿದರೆ ತಂತಿಗೂ ತಗಡಿಗೂ ಸಂಬಂಧ ತಪ್ಪುತ್ತದೆ. ಅಲ್ಲಿ ಗುಂಡನೆಯ ಸ್ಟಿಕ್ಕರ್ ಅಂಟಿಸಿ, ಬಣ್ಣ ಒಣಗಿದ ಮೇಲೆ ಕೀಳುವುದು ಗೆಳತಿಯ ಕೆಲಸ. ಆ ವರ್ಷ ಅವಳ ಕಣ್ಣು ಮಂಜಾಗತೊಡಗಿತು. ಅಕ್ಕನಿಗೆ ಮಾತ್ರ ಹೇಳಿದ್ದಳು, ಬೇರೆಯವರ ಕಿವಿಗೆ ಬಿದ್ದರೆ ಕೆಲಸಕ್ಕೇ ಕುತ್ತು. ಒಂದು ಬೆಳಗ್ಗೆ ಅಕ್ಕನ ಮೇಜಿನ ಮೇಲೆ ಗೀಸರುಗಳು ಒಂದರ ಹಿಂದೊಂದು ಕೆಂಪು ತೋರಿಸಿದವು. ಒಂದರ ಸ್ಕ್ರೂ ಬಿಚ್ಚಿ ನೋಡಿದರೆ ಅಡಿಯಲ್ಲೆಲ್ಲ ಬಣ್ಣ. ಸ್ಟಿಕ್ಕರ್ ಕಿತ್ತ ಗುಂಡನೆಯ ಗುರುತು ಬೆರಳಗಲ ಆಚೆಗಿತ್ತು. ಯಾರ ಕೈತಪ್ಪು ಎಂದು ಅಕ್ಕನಿಗೆ ಹೊಳೆಯಿತು. ಸ್ಕ್ರೂ ಮತ್ತೆ ಬಿಗಿದಳು. ಯಾರೂ ನೋಡುತ್ತಿರಲಿಲ್ಲ. ಕಡ್ಡಿಯನ್ನು ಸ್ಕ್ರೂ ತಲೆಗೆ ಇಟ್ಟಳು, ಹಸಿರು ಬಂತು. ಕಡ್ಡಿ ಕೆಳಗಿಟ್ಟು ಸೂಪರ್‌ವೈಸರನ್ನು ಕೂಗಿದಳು.

ಗೆಳತಿಯನ್ನು ಅಂದೇ ಕೆಲಸದಿಂದ ತೆಗೆದರು. ಅಕ್ಕ ಗೇಟಿನವರೆಗೆ ಓಡಿಹೋಗಿ ಅಡ್ಡ ನಿಂತಳು. ಗೆಳತಿ ಅಳುತ್ತಿರಲಿಲ್ಲ.

“ಸ್ಕ್ರೂ ಮೇಲೆ ಇಟ್ಟಿದ್ರೆ ನಿನ್ ಗಂಟೇನು ಹೋಗ್ತಿತ್ತು?”

“ಯಾರ್ದೋ ಮನೇಲಿ ಮಗು ಮುಟ್ಟುತ್ತೆ ಕಣೆ,” ಎಂದಳು ಅಕ್ಕ.

“ಯಾರ್ದೋ ಮನೆ ಮಗು. ನಂಗೆ ಅಂತ ಇದ್ದಿದ್ದು ನೀನೊಬ್ಳು. ನಿಂಗೂ ಅಷ್ಟೇ ಅಂದ್ಕೊಂಡಿದ್ದೆ.”

ಮೇಲಿನವರು ಅಕ್ಕನ ಬೆನ್ನು ತಟ್ಟಿದರು. ಜೊತೆಯವರೂ ನೀನು ಮಾಡಿದ್ದೇ ಸರಿ ಅಕ್ಕ ಎಂದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಗೆಳತಿಯೇ ಬೇಕಾಗಿತ್ತು. ಸರಿ ಎಂದವರಲ್ಲಿ ಒಬ್ಬರೂ ಮಧ್ಯಾಹ್ನ ಡಬ್ಬಿ ಹಿಡಿದು ಅವಳ ಪಕ್ಕ ಬಂದು ಕೂರಲಿಲ್ಲ.