ಎನೈದಾಳ ಒಂದೇ ಫೈಲು
ಉತುವಾದೊ ಎಂಬ ಬೆಟ್ಟದೂರಿನ ಚಿಕಿತ್ಸಾಲಯಕ್ಕೆ ರೋಗಿಗಳ ಜಾಲತಾಣ ಕಟ್ಟಿಕೊಡುವ ಎನೈದಾ ಯಾರಿಗೂ ಜಗ್ಗುವವಳಲ್ಲ. ರಾಜಧಾನಿಯ ಇಂಜಿನಿಯರುಗಳು ದೂರದೇಶದ ಸರ್ವರುಗಳ ಗುಣಗಾನ ಮುಗಿಸುವವರೆಗೂ ಕಾಫಿ ಹೀರುತ್ತಾ ಕೂತಿದ್ದು, "ಮುಗೀತಾ ರಾಜಕುಮಾರರೇ? ಮುನ್ನೂರು ರೋಗಿಗಳ ಹೆಸರಿಗೆ ಅರಮನೆ ಯಾಕೆ? ಈ ಮೇಜಿನ ಕೆಳಗಿನ ಕಂಪ್ಯೂಟರಲ್ಲಿ ಒಂದೇ ಒಂದು ಫೈಲು, ಮಾಡಿನ ಮೇಲೆ ಸೋಲಾರು, ಸಾಕು" ಎನ್ನುತ್ತಾಳೆ. "ನೀವು ಹಳೇ ಕಾಲದವರು, ದೋನ್ಯಾ" ಎಂದು ಹಿರಿಯ ಹೆಂಗಸರನ್ನು ಕರೆಯುವ ಗೌರವದಲ್ಲೇ ಅವರೆಂದರೆ, "ಹೌದಪ್ಪಾ, ನಿಮ್ಮ ಸರ್ವರಿಗಿಂತ ಗಟ್ಟಿ" ಎಂದು ನಗುತ್ತಾಳೆ. ರೋಗಿಗಳ ಪ್ರತಿ ಹೊಸ ಪಟ್ಟಿಯ ಮೊದಲ ಸಾಲಿನಲ್ಲಿ, ಪರೀಕ್ಷೆಗೆಂದು, ತಂಗಿ ಮಿಗ್ದಾಲಿಯಾಳ ಹೆಸರು ಬರೆಯುತ್ತಾಳೆ. ಚಂಡಮಾರುತಕ್ಕೆ ಹನ್ನೊಂದು ದಿನ ಇಂಟರ್ನೆಟ್ ಸತ್ತು, ಇನ್ಸುಲಿನ್ ಯಾರಿಗೆ ಬೇಕೆಂಬ ಪಟ್ಟಿ ದೂರದ ಸರ್ವರಿನಲ್ಲೇ ಉಳಿದು, ದಾದಿಯರು ಔಷಧಿ ಹಿಡಿದು ಯಾರ್ಯಾರದೋ ಬಾಗಿಲು ತಟ್ಟುತ್ತಿದ್ದಾಗ ತೀರಿಕೊಂಡವಳು ಅವಳು. ಎನೈದಾ ಇಂಟರ್ನೆಟ್ಟಿನ ತಂತಿ ಕಿತ್ತು ಇಂಜಿನಿಯರುಗಳ ಕೈಗಿಡುತ್ತಾಳೆ: "ಈಗ ನಿಮ್ಮ ಸರ್ವರಿನ ಪಟ್ಟೀಲಿ ನನ್ನ ತಂಗೀನ ಹುಡುಕಿಕೊಡ್ರಪ್ಪಾ. ಸಿಕ್ಕಿದ್ಳಂದ್ರೆ ನಿಮ್ಮ ಸರ್ವರೇ ಇರ್ಲಿ."