ಗೇರೆಣ್ಣೆ ಬಳಿದ ಕಾರಿನ ಹಿಂದಿನ ದೀಪ

ಹೊನ್ನಾವರದಲ್ಲಿ ಹಿಂದೆ ಬಿದ್ದ ಮೀನಿನ ಟೆಂಪೊ ಕುಮಟಾದವರೆಗೂ ನಮ್ಮ ಬೆನ್ನು ಬಿಡಲಿಲ್ಲ.

ಮುಸ್ಸಂಜೆ. ಹನಿ ಮಳೆ. ಕಾಯ್ಕಿಣಿಯಲ್ಲಿ ಮದುವೆ ಮುಗಿಸಿ ಮನೆಗೆ ಮರಳುತ್ತಿದ್ದೆವು. ಸ್ಟೀರಿಂಗ್ ಹಿಡಿದವನು ನಾನು, ಹಿಂದಿನ ಸೀಟಿನಲ್ಲಿ ಹೆಂಡತಿ. (ಈ ಹಳೇ ಕಾರು ಅವಳ ಅಪ್ಪನದು. ಚಿಕ್ಕಂದಿನಿಂದ ಅವಳ ಜಾಗ ಅದೇ. ಮದುವೆಯಾದ ಮೇಲೂ ಬದಲಾಗಿಲ್ಲ.) ನಾನು ನಿಧಾನಿಸಿದರೆ ಟೆಂಪೊವೂ ನಿಧಾನ. ದಾರಿ ಬಿಟ್ಟರೂ ಮುಂದೆ ಹೋಗುವುದಿಲ್ಲ. ಮೇಲಾಗಿ ಎರಡೂ ಇಂಡಿಕೇಟರ್ ಮಿಣಮಿಣ. ಯಾರಿಗೆ ಸಿಟ್ಟು ಬರುವುದಿಲ್ಲ?

ಕುಮಟಾದ ಪೆಟ್ರೋಲ್ ಬಂಕ್ ಬಳಿ ನಿಲ್ಲಿಸಿದೆ. ಅವನೂ ನಿಲ್ಲಿಸಿದ. ನಾನು ಬಾಯಿ ತೆರೆಯುವ ಮೊದಲೇ ಇಳಿದು ಬಂದ.

“ಎಂತದ್ರಾ ಇದು? ಹಿಂದೆ ಇರೂದು ಲೈಟಾ, ಊದಿನಕಡ್ಡಿಯಾ? ಸೇತುವೆ ಮೇಲೆ ಬ್ರೇಕ್ ಹಾಕಿದ್ರಲ್ಲ, ಇನ್ನೊಂದು ಚೂರಾಗಿದ್ರೆ ಬಂಗಡೆ ಎಲ್ಲ ನಿಮ್ಮ ಡಿಕ್ಕಿಗೇ ಇಳಿಸ್ತಿದ್ದೆ. ನಂಗಾದ್ರೂ ಕಂಡ್ತು. ಹಿಂದಿನ ಲಾರಿಯವ್ನಿಗೆ ಕಾಣೂಕೆ ಬೇಕಲ್ಲ! ಅದ್ಕೇ ಅಡ್ಡ ಇದ್ದೆ.”

ಅಂದರೆ ಅಷ್ಟು ದೂರವೂ ನಮ್ಮ ಹಿಂದಿನ ದೀಪ ಅವನ ಟೆಂಪೊ. ಥ್ಯಾಂಕ್ಸ್ ಹೇಳುವಷ್ಟರಲ್ಲಿ “ಐಸ್ ಕರಗ್ತದೆ” ಎಂದು ಹೊರಟೇಬಿಟ್ಟ.

ಮನೆ ಸೇರಿ ಕಾರಿನಿಂದ ಇಳಿಯುತ್ತ ಹೆಂಡತಿ ಹೇಳಿದ್ದಿಷ್ಟೇ: “ಲೈಟ್ ಸರಿಯಾಗದಿದ್ರೆ ಇದನ್ನ ಮಾರಿಬಿಡಿ. ಅಪ್ಪನ ಕಾರು ಅಂತ ಅದ್ರೊಳಗೇ ಸಾಯೂಕೆ ಆಗ್ತದಾ?”

ಹೊಸ ಬಲ್ಬ್ ಹಾಕಿದೆ. ಮಂಕು. ಕೆಂಪು ಗಾಜು ತೊಳೆದೆ. ಮಂಕೇ. ಬ್ಯಾಟರಿ ಬದಲಿಸಿದೆ. ಊಹೂಂ. ಬ್ರೇಕ್ ಒತ್ತಿದರೆ ಇದ್ದ ಬೆಳಕೂ ಕುಸಿಯುತ್ತಿತ್ತು. ಕೊನೆಗೆ ಹಗಲು ಹೊತ್ತಿನಲ್ಲಿ ಇಬ್ಬರೂ ಕಾರನ್ನು ಭಟ್ಕಳಕ್ಕೆ ಒಯ್ದೆವು. ಹಳೆಯ ಗಾಡಿಗಳಿಗೆಂದೇ ಅಲ್ಲೊಬ್ಬ ಮೆಕ್ಯಾನಿಕ್ ಇದ್ದಾರೆ. ದೀಪ ಬಿಚ್ಚಿದವರೇ ಮೂಸಿ ನೋಡಿದರು.

“ಕರೆಂಟ್ ಬರ್ತಾ ಉಂಟು ಸರ್. ವಾಪಸ್ ಹೋಗೂಕೆ ದಾರಿ ಇಲ್ಲ. ದೀಪದ ಬುಡ ಬಾಡಿಯ ತಗಡಿಗೆ ತಾಗ್ಬೇಕು. ನಡುವೆ ಎಂತದೋ ಬಳಿದಿಟ್ಟಿದಾರೆ. ಇದು ಕಾರಾ, ದೋಣಿಯಾ?”

ನಾನು ಹೆಂಡತಿಯತ್ತ ನೋಡಿದೆ. ಅವಳು ರಸ್ತೆಯತ್ತ ನೋಡಿದಳು.

ಬಾಡ ಎಂಬ ಕಡಲತಡಿಯ ಊರಿನಲ್ಲಿ ಅವಳ ತವರಿಗೆ ದೋಣಿಯಿತ್ತು. ಮಳೆಗಾಲಕ್ಕೆ ಮುನ್ನ ಅದನ್ನು ದಡಕ್ಕೆಳೆದು, ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿಯುವುದು ವಾಡಿಕೆ. ಉಳಿದ ಎಣ್ಣೆ ಕಾರಿನ ತಳಕ್ಕೆ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದಲ್ಲ! ದೋಣಿ ಹೋಯಿತು, ಅಪ್ಪ ಹೋದರು. ಮಗಳು ಬಳಿಯುವುದನ್ನು ಬಿಟ್ಟಿಲ್ಲ. ಈ ಸಲ ಅಕ್ಕರೆ ಹೆಚ್ಚಾಗಿ ದೀಪ ಬಿಚ್ಚಿ ಅದರ ಬುಡಕ್ಕೂ ಬೋಲ್ಟಿಗೂ ಬಳಿದಿದ್ದಳು. ಎಣ್ಣೆ ಒಣಗಿ ಅರಗಿನಂತೆ ಕೂತಿತ್ತು.

“ಬಳಿದದ್ದಕ್ಕೇ ಅಕ್ಕಾ ತಗಡು ಇನ್ನೂ ಉಳಿದದ್ದು” ಎಂದರು ಮೆಕ್ಯಾನಿಕ್ ನಗುತ್ತ. “ದೀಪದ ಬುಡ ಒಂದು ಬಿಡಿ, ಆತು.”

“ಕೊಡಿ ಇಲ್ಲಿ” ಎಂದು ಸ್ಯಾಂಡ್‌ಪೇಪರ್ ಇಸಿದುಕೊಂಡವಳು ತಗಡು ಬೆಳ್ಳಗಾಗುವವರೆಗೆ ಉಜ್ಜಿದಳು. ದೀಪ ಕೂರಿಸಿದ ಮೇಲೆ ನಾನು ಬ್ರೇಕ್ ಒತ್ತಿದೆ. ಕನ್ನಡಿಯಲ್ಲಿ ಗ್ಯಾರೇಜಿನ ಹಿಂದಿನ ಗೋಡೆ ಕೆಂಪಾಯಿತು. ಅವಳ ಮುಖವೂ.

ಮರಳುವಾಗ ಅವಳು ತನ್ನ ಜಾಗದಲ್ಲೇ ಕೂತಳು. ಕಾರು ಮಾರುವ ಮಾತೆತ್ತಲಿಲ್ಲ. ಹೊನ್ನಾವರದ ಸೇತುವೆಯ ಮೇಲೆ ಆ ಟೆಂಪೊ ಕಂಡೀತೇ ಎಂದು ಇಬ್ಬರೂ ನೋಡಿದೆವು. ಹೆಸರು ಕೇಳಿರಲಿಲ್ಲ, ನಂಬರ್ ನೋಡಿರಲಿಲ್ಲ. ಋಣ ಮಾತ್ರ ಉಳಿದಿದೆ.

ಇನ್ನು ಯಾರಾದರೂ ಹೀಗೆ ಬೆನ್ನು ಬಿಡದೆ ಬಂದರೆ, ಸಿಟ್ಟಾಗುವ ಮೊದಲು ಒಮ್ಮೆ ಇಳಿದು ನಮ್ಮ ಹಿಂದಿನ ದೀಪ ನೋಡಬಾರದೇ?