ಜಪಾನಿ ಹೆಂಗಸು ಕೇಳಿದ ವಡೆ

ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತು. ಕೈಲಾಗದಾಗಲೇ ಅದು ಹೆಚ್ಚು ಏರುತ್ತದೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತು. ಆ ಜಪಾನಿ ಹೆಂಗಸು ಊಟ ಬಿಟ್ಟ ದಿನಗಳಲ್ಲಿ ನಾನು ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ.

ಆಗ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಿಳಿ ಸಿಪಾಯಿಗಳ ಗೋರಾ ಪಲ್ಟನ್ ಇತ್ತು. ಅದಕ್ಕೆ ಕುದುರೆ ಮಾರಲು ಬಂದ ಬಿಳಿ ದೊರೆಯೊಬ್ಬ ಅವಳನ್ನು ಜೊತೆಗೆ ಕರೆತಂದು, ಎರಡು ಕೋಣೆಯ ಮನೆ ಹಿಡಿದು ಇರಿಸಿದ್ದ. ಇನ್ನಷ್ಟು ಕುದುರೆ ತರುತ್ತೇನೆಂದು ಮದರಾಸಿಗೆ ಹೋದವನು ತಿರುಗಿ ಮುಖ ತೋರಿಸಲಿಲ್ಲ. ನಾನು ಪಿಂಜಾರರ ಮಗಳು, ಗಂಡ ಸತ್ತು ಅಪ್ಪನ ಮನೆಗೆ ಬಂದು ಕೂತವಳು. ಅವಳ ಮನೆಯ ಕಸ ಮುಸುರೆಗೆ ಹೋಗುತ್ತಿದ್ದೆ. ಅವಳಿಗೆ ನಮ್ಮ ಕಡೆಯ ಹಿಂದುಸ್ತಾನಿ ಮಾತಿನಲ್ಲಿ ಬರುತ್ತಿದ್ದುದು ಹತ್ತೋ ಹನ್ನೆರಡೋ ಶಬ್ದ. ನೀರಿಗೆ ಪಾನಿ, ಎಣ್ಣೆಗೆ ತೇಲ್, ಚೆಂದಕ್ಕೆ ಅಚ್ಛಾ, ಬೇಡ ಅನ್ನಲು ನಕ್ಕೋ. ಅಷ್ಟರಲ್ಲೇ ನಮ್ಮಿಬ್ಬರ ಸಂಸಾರ ಸಾಗುತ್ತಿತ್ತು. ಎಷ್ಟೋ ಗಂಡಹೆಂಡಿರಿಗಿಂತ ಚೆನ್ನಾಗಿಯೇ ಸಾಗುತ್ತಿತ್ತು ಅನ್ನಿ.

ಸಂಕ್ರಾಂತಿ ಹತ್ತಿರ ಬಂದಾಗ ಅವಳಿಗೆ ಜ್ವರ ಹಿಡಿಯಿತು. ಜ್ವರ ಇಳಿದರೂ ಬಾಯಿಗೆ ಅನ್ನ ಸೇರದಾಯಿತು. ಗಂಜಿ ಕೊಟ್ಟೆ, ನಕ್ಕೋ. ಜೋಳದ ಅಂಬಲಿ ಕೊಟ್ಟೆ, ನಕ್ಕೋ. ಹಕೀಮರು ಬಂದು ನಾಡಿ ಹಿಡಿದರು.

"ಏನರ ತಿಂದ್ರ ಉಳೀತಾಳ. ತಿನ್ನಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲಮ್ಮ" ಎಂದು ಹೊರಟೇಬಿಟ್ಟರು. ಅಂಥಾ ಹಕೀಮರ ಕೈಯಲ್ಲಿ ಇಲ್ಲದ್ದು ಮುಸುರೆ ತಿಕ್ಕುವ ನನ್ನ ಕೈಗೆ ಎಲ್ಲಿಂದ ಬರಬೇಕು?

ಮರುದಿನ ಅವಳು ತಾನಾಗಿಯೇ ಎದ್ದು ಕೂತು, ಪೆಟ್ಟಿಗೆಯ ತಳದಿಂದ ಒಂದು ಡಬ್ಬಿ ತೆಗೆಸಿದಳು. ಅದರಲ್ಲಿ ದುಂಡನೆಯ ಹಳದಿ ಕಾಳು, ಎರಡು ಬೊಗಸೆಯಷ್ಟು. ಅವಳ ದೇಶದಿಂದ ಬಂದದ್ದು. ನಮ್ಮ ಪೇಟೆಯಲ್ಲಿ ಅಂಥ ಕಾಳನ್ನು ನಾನು ಕಂಡಿಲ್ಲ. ಇದ್ದಲಿನಿಂದ ನೆಲದ ಮೇಲೆ ಒಂದು ವಡೆ ಬರೆದು, ಪಕ್ಕದಲ್ಲಿ ಒಂದು ಗಜ್ಜರಿ ಬರೆದು, ಮನೆಯಲ್ಲಿದ್ದ ಎಳ್ಳು ಮುಟ್ಟಿ, ಎರಡನ್ನೂ ವಡೆಯೊಳಗೆ ಚುಕ್ಕಿಯಿಟ್ಟು ತೋರಿಸಿ "ತೇಲ್, ತೇಲ್" ಎಂದಳು. ಕರಿಯಬೇಕು ಎಂದಾಯಿತು. ಆಮೇಲೆ ಕೈಯಲ್ಲೇ ಹೇಳಿದಳು: ಕಾಳು ನೆನೆಹಾಕು, ರುಬ್ಬು, ಕುದಿಸು, ಬಟ್ಟೆಯಲ್ಲಿ ಹಾಲು ಸೋಸು. ಒಂದು ಹರಳು ಉಪ್ಪನ್ನು ನಾಲಿಗೆಗಿಟ್ಟು, ಕಹಿ ತಿಂದವಳಂತೆ ಮುಖ ಸಿಂಡರಿಸಿ, ಹಾಲಿಗೆ ಹೊಯ್ಯುವಂತೆ ತೋರಿಸಿದಳು. ಕಡೆಗೆ ಅಂಗೈ ಮೇಲೆ ಅಂಗೈ ಇಟ್ಟು ಒತ್ತಿದಳು. ಅವರ ಕಡೆ ಹೀಗೆ ಕೈ ಮುಗಿಯುತ್ತಾರೇನೋ ಎಂದು ನಾನೂ ಒಂದು ಸಲಾಂ ಹೊಡೆದೆ. ಹಾಲು ವಡೆಯಾಗುವುದು ಹೇಗೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ಉಪ್ಪಿನ ಕಹಿಯ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಅಪ್ಪ ಬಿಲ್ಲು ಹೆಗಲಿಗೇರಿಸಿ ಹತ್ತಿ ಹಿಂಜಲು ಊರೂರು ತಿರುಗುವವನು.

"ಅದಾ? ಸಿರುಗುಪ್ಪದಾಗ ಚೌಳು ಮಣ್ಣಿನಾಗ ಉಪ್ಪು ತೆಗೀತಾರಲ್ಲ, ಉಪ್ಪು ತೆಗೆದಮ್ಯಾಗ ಮಡಿಕ್ಯಾಗ ಕಹಿನೀರು ಉಳಿತೈತಿ. ತರ್ತೀನಿ ತಗಾ" ಎಂದ.

ಮೂರು ದಿನಕ್ಕೆ ಒಂದು ಕುಡಿಕೆಯಲ್ಲಿ ಕಹಿನೀರು ಬಂತು; ಬರುವ ದಾರಿಯಲ್ಲಿ ಕುರುಗೋಡಿನ ತೋಟದ ಗಜ್ಜರಿಯೂ ಬಂತು. ಆ ಮೂರು ದಿನ ಅವಳು ಬರೀ ನೀರಿನ ಮೇಲಿದ್ದಳು. ಆದರೂ ಕಾಳು ನೆನೆದಿದೆ ಎಂದು ತೋರಿಸಿದಾಗ ಕಣ್ಣು ಮಿಂಚಿದವು. ನನಗೆ ಎಷ್ಟು ಖುಷಿಯಾಯಿತೆಂದರೆ, ಕಲ್ಲಿನ ಮುಂದೆ ಕೂತು ಹಾಡುತ್ತ ರುಬ್ಬಿದೆ.

ಹಾಲೇನೋ ಬೆಳ್ಳಗೆ ಚೆನ್ನಾಗಿಯೇ ಬಂತು. ರುಚಿಗೆ ಇರಬೇಕೆಂದುಕೊಂಡು ಕಹಿನೀರು ಹೊಯ್ದೆ. ನೋಡನೋಡುತ್ತಿದ್ದಂತೆ ಹಾಲು ಒಡೆದು ಗಡ್ಡೆಗಡ್ಡೆಯಾಯಿತು.

ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಹಾಲು ಒಡೆದರೆ, ಅವರ ಕಣ್ಣಿಗೆ ಬೀಳುವ ಮೊದಲೇ ಹೊರಗೆ ಚೆಲ್ಲಿಬಿಡಬೇಕು. ನನ್ನವ್ವ ಹಾಗೇ ಮಾಡುತ್ತಿದ್ದಳು, ಅವಳವ್ವನೂ ಹಾಗೇ. ನನ್ನ ಗಂಡ ಮಲಗಿದ್ದಾಗ ನಾನೊಮ್ಮೆ ಆಮೇಲೆ ಚೆಲ್ಲಿದರಾಯಿತೆಂದು ಬಿಟ್ಟಿದ್ದೆ. ಮೂರನೆಯ ದಿನ ಅವನು ತೀರಿಕೊಂಡ. ಈಗ ತಡಮಾಡಲಿಲ್ಲ. ಸಿರುಗುಪ್ಪದ ಉಪ್ಪಿನವರಿಗೆಲ್ಲ ಹಿಡಿಶಾಪ ಹಾಕುತ್ತ, ಸೆರಗಿನಲ್ಲಿ ಪಾತ್ರೆ ಹಿಡಿದು ಹಿತ್ತಲಿಗೆ ಓಡಿ ಬಾನಿಯ ಪಕ್ಕ ಸುರಿದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ನನ್ನ ಕಥೆ.

ಒಳಗಿನಿಂದ ಅವಳು ಕರೆದಳು. ಹೋಗಿ ಕೈ ಅಲ್ಲಾಡಿಸಿ, ಉಕ್ಕಿ ಹೋಯಿತು ಎಂದು ಸನ್ನೆ ಮಾಡಿದೆ. ನಂಬಲಿಲ್ಲವೋ ಏನೋ, ಪಾತ್ರೆ ತಾ ಎಂದಳು. ತಂದೆ. ಅದರ ಅಂಚಿಗೆ ಬೆರಳಗಲ ಗಡ್ಡೆ ಅಂಟಿಕೊಂಡಿತ್ತು. ಅಯ್ಯೋ, ಇದನ್ನು ತೊಳೆಯಲಿಲ್ಲವಲ್ಲ ಎಂದು ನಾನು ಒದ್ದಾಡುತ್ತಿದ್ದರೆ, ಅವಳು ಅದನ್ನು ಉಗುರಿನಿಂದ ಕೆರೆದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಹತ್ತು ದಿನದಿಂದ ನಗದವಳು ನಕ್ಕಳು.

"ಅಚ್ಛಾ. ತೋಫು. ಅಚ್ಛಾ!" ಎಂದು ನನ್ನ ಕೆನ್ನೆ ಸವರಿದಳು. ಆಮೇಲೆ ಅಂಗೈ ಮೇಲೆ ಅಂಗೈ ಇಟ್ಟು ಒತ್ತಿ, ಉಳಿದದ್ದು ಎಲ್ಲಿ ಎಂಬಂತೆ ಬಾಗಿಲ ಕಡೆ ನೋಡಿದಳು.

ಆ ಗಡ್ಡೆಗೇ ಅವರ ಕಡೆ ತೋಫು ಅನ್ನುತ್ತಾರೆಂದು ಆಗ ತಿಳಿಯಿತು ನನಗೆ. ಹಾಲು ಒಡೆಯಲೇಬೇಕಿತ್ತು. ಒಡೆದದ್ದನ್ನು ಬಟ್ಟೆಯಲ್ಲಿ ಕಟ್ಟಿ ಒತ್ತಬೇಕಿತ್ತು, ಅದರಲ್ಲೇ ವಡೆ ತಟ್ಟಬೇಕಿತ್ತು. ಹಿತ್ತಲಿಗೆ ಓಡಿದೆ. ನೆಲ ನೀರು ಕುಡಿದಿತ್ತು. ಪಕ್ಕದ ಮನೆಯ ಕೋಳಿಗಳು ಬೆಳ್ಳನೆಯ ಗಡ್ಡೆಗಳನ್ನು ಕುಕ್ಕುತ್ತಿದ್ದವು. ಕೆಸರಲ್ಲಿ ಕೂತು, ಕೋಳಿಗಳನ್ನು ಬೈಯುತ್ತ, ಬೆರಳಲ್ಲಿ ಬಳಿದೆ. ಕೈಗೆ ಬಂದದ್ದು ಬರೀ ಮಣ್ಣು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ಇನ್ನೊಬ್ಬರ ಬಾಯಿಯ ತುತ್ತನ್ನು ನಾನೇ ಕಸಿದು ಚೆಲ್ಲಿದ್ದೆ.

ಡಬ್ಬಿಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಕಡಲೆಹಿಟ್ಟು ಕಲಸಿದೆ, ಗಜ್ಜರಿ ಸಣ್ಣಗೆ ಹೆಚ್ಚಿ ಹಾಕಿದೆ, ಎಳ್ಳು ಉದುರಿಸಿದೆ, ಕುಸುಬಿ ಎಣ್ಣೆಯಲ್ಲಿ ನಾಲ್ಕು ವಡೆ ಕರಿದೆ. ಅವಳು ಬರೆದ ಚಿತ್ರದ ಹಾಗೇ ಕಾಣುತ್ತಿದ್ದವು. ಮುರಿದಳು, ಮೂಸಿದಳು, ಚೂರು ತಿಂದಳು. ನಾನು ಅಳುತ್ತಿದ್ದೆನಲ್ಲ, ಅದಕ್ಕೇ ತಿಂದಳು. ಕಷ್ಟಪಟ್ಟು ನುಂಗಿ, ಉಳಿದ ಮೂರನ್ನೂ ನನ್ನ ಕಡೆ ಸರಿಸಿದಳು. ನೆಲದ ಮೇಲಿದ್ದ ಇದ್ದಲಿನ ಚಿತ್ರವನ್ನು ತನ್ನ ಕೈಯಿಂದಲೇ ಅಳಿಸಿದಳು.

ಆಮೇಲೆ ಐದೇ ದಿನ ಬದುಕಿದ್ದಳು. ದಿನಕ್ಕೆ ನಾಲ್ಕು ಸಲ ನಾನೇ ಮೈಮೇಲೆ ಬಿದ್ದು "ಏನ್ ಬೇಕವ್ವ? ಏನರ ಕೇಳವ್ವ" ಎನ್ನುತ್ತಿದ್ದೆ. ನನಗೆ ಮತ್ತೆ ನೋವಾಗಬಾರದೆಂದೋ, ನನ್ನ ಮೇಲೆ ನಂಬಿಕೆ ಹೋಯಿತೆಂದೋ, ಅವಳು ಮತ್ತೇನನ್ನೂ ಕೇಳಲಿಲ್ಲ.